ಫೋನಿನ ಮೈಕ್‌ನಲ್ಲಿ ಕನ್ನಡ ಟೈಪಿಂಗ್: ಆರು ತಿಂಗಳು ಬಳಸಿದ ಡಿಟಿಪಿಯವಳ ಅನುಭವ

ತಿಪಟೂರಿನ ತಾಲ್ಲೂಕು ಕಚೇರಿ ಹತ್ತಿರ ನನ್ನದೊಂದು ಸಣ್ಣ ಅಂಗಡಿ ಇದೆ. ಡಿಟಿಪಿ, ಜೆರಾಕ್ಸ್, ಲ್ಯಾಮಿನೇಷನ್. ಎರಡು ಕಂಪ್ಯೂಟರ್, ಒಂದು ಪ್ರಿಂಟರ್, ಬಂದವರು ಕೂರಲು ಒಂದು ಬೆಂಚು. ಪತ್ರ ಬರಹಗಾರರು ಕ್ರಯಪತ್ರ, ದಾನಪತ್ರ, ವಿಭಾಗಪತ್ರದ ಕರಡು ತಂದುಕೊಡುತ್ತಾರೆ. ವಕೀಲರ ಗುಮಾಸ್ತರು ದಾವೆ, ಅಫಿಡವಿಟ್ ತರುತ್ತಾರೆ. ಹೊನ್ನವಳ್ಳಿ, ನೊಣವಿನಕೆರೆ, ಕಿಬ್ಬನಹಳ್ಳಿ ಕಡೆಯ ರೈತರು ಅರ್ಜಿ ಬರೆಸಲು ಬರುತ್ತಾರೆ. ವೈಶಾಖ ಬಂತೆಂದರೆ ಲಗ್ನಪತ್ರಿಕೆ.

ಕಂಪ್ಯೂಟರ್ ಮುಂದೆ ಕೂತು 27 ವರ್ಷ ಆಯ್ತು. ಅದಕ್ಕೂ ಮುಂಚೆ ನಾಲ್ಕು ವರ್ಷ ಟೈಪ್‌ರೈಟರ್. ಕಳೆದ ವರ್ಷ ಬಲಗೈ ಮಣಿಕಟ್ಟು ಹಿಡಿದುಕೊಂಡಿತು. ಮೊದಲು ಸುಮ್ನೆ ನೋವು ಅಂದುಕೊಂಡೆ. ಆಮೇಲೆ ರಾತ್ರಿ ಬೆರಳು ಜೋಮು ಹಿಡಿದು ಎಚ್ಚರ ಆಗತೊಡಗಿತು. ಎರಡು ತಿಂಗಳು ಕೀಬೋರ್ಡ್ ಮುಟ್ಟಬೇಡಿ ಅಂದರು ಡಾಕ್ಟರು. ಅಂಗಡಿ ಬಾಗಿಲು ಹಾಕುವ ಹಾಗಿರಲಿಲ್ಲ. ಹಾಗಾಗಿ ಫೋನಿನ ಕೀಲಿಮಣೆಯಲ್ಲಿ ಇರುವ ಮೈಕ್ ಗುರುತನ್ನು ಒತ್ತಿ ಮಾತಾಡಲು ಶುರು ಮಾಡಿದೆ.

ಈ ಬರಹ ಆ ಮೈಕ್ ಬಗ್ಗೆ. ಯಾವ ಕಂಪನಿಯದು ಎಂದು ಬರೆಯುವುದಿಲ್ಲ. ನಾನು ಮೂರು ಬಗೆಯವನ್ನು ಬಳಸಿ ನೋಡಿದೆ. ಮೂರರ ಒಳ್ಳೆಯದೂ ಕೆಟ್ಟದ್ದೂ ಹೆಚ್ಚುಕಮ್ಮಿ ಒಂದೇ ಥರ ಇದೆ. ನನ್ನ ಥರ ಟೈಪಿಂಗ್ ನಂಬಿ ಬದುಕುವವರಿಗೆ, ನಮ್ಮಂಥವರ ಹತ್ತಿರ ಕೆಲಸ ಮಾಡಿಸುವವರಿಗೆ ಉಪಯೋಗಕ್ಕೆ ಬರಲಿ ಅಂತ ಬರೆಯುತ್ತಿದ್ದೇನೆ.

ಖರ್ಚಿನ ಮಾತು ಬೇಗ ಮುಗಿಸುತ್ತೇನೆ. ಸೌಲಭ್ಯ ಪುಕ್ಕಟೆ. ಇಂಟರ್ನೆಟ್ ಬೇಕು. ನಾನು 350 ರೂಪಾಯಿಯ ಮೈಕ್ ಇರುವ ಇಯರ್‌ಫೋನ್ ತಂದೆ. ಅದಿಲ್ಲದಿದ್ದರೆ ರಸ್ತೆಯ ಬಸ್ಸು, ಪಕ್ಕದ ಹೋಟೆಲಿನ ಪಾತ್ರೆ ಸದ್ದು ಎಲ್ಲ ಸೇರಿ ವಾಕ್ಯ ಅರ್ಧಕ್ಕೇ ನಿಲ್ಲುತ್ತದೆ. ಫೋನಿನಲ್ಲಿ ಮಾತಾಡಿದ್ದು ಕಂಪ್ಯೂಟರ್ ಪರದೆಯ ಮೇಲೂ ಬರುವ ಹಾಗೆ ಮಾಡಿಕೊಂಡಿದ್ದೇನೆ. ಇಷ್ಟೇ ಸಾಮಾನು.

ವೇಗದ ಲೆಕ್ಕ ನಾನೇ ಗಡಿಯಾರ ಇಟ್ಟು ನೋಡಿದ್ದು. ಒಂದು ವಿಭಾಗಪತ್ರದ ಪುಟ ತೆಗೆದುಕೊಂಡೆ, ಸುಮಾರು 260 ಪದ. ಕೈ ಚೆನ್ನಾಗಿದ್ದಾಗ ಅಂಥ ಪುಟ ನನಗೆ ಒಂಬತ್ತು ನಿಮಿಷದ ಕೆಲಸ. ಮೈಕ್‌ನಲ್ಲಿ ಮೊದಲ ದಿನ ಮೂರೇ ನಿಮಿಷಕ್ಕೆ ಓದಿ ಮುಗಿಸಿದೆ. ಖುಷಿಯಾಯಿತು. ಆಮೇಲೆ ತಪ್ಪು ಎಣಿಸಿದೆ. 34 ಇತ್ತು. ತಿದ್ದಲು ಎಂಟು ನಿಮಿಷ. ಒಟ್ಟು ಹನ್ನೊಂದು. ಅಂದರೆ ಬೆರಳಿಗಿಂತ ನಿಧಾನ.

ಆರು ತಿಂಗಳಾದ ಮೇಲೆ ಅದೇ ಪುಟವನ್ನು ಮತ್ತೆ ಓದಿದೆ. ಈ ಸಲ ನಾಲ್ಕು ನಿಮಿಷ ತೆಗೆದುಕೊಂಡೆ. ಎಲ್ಲಿ ನಿಲ್ಲಿಸಬೇಕು, ಯಾವ ಪದವನ್ನು ಬಿಡಿಸಿ ಹೇಳಬೇಕು ಅಂತ ಅಷ್ಟರಲ್ಲಿ ಗೊತ್ತಾಗಿತ್ತು. ತಪ್ಪು 12. ತಿದ್ದಲು ನಾಲ್ಕು ನಿಮಿಷ. ಒಟ್ಟು ಎಂಟು. ಉಳಿದದ್ದು ಒಂದೇ ನಿಮಿಷ. ಆದರೆ ಮಣಿಕಟ್ಟು ಉಳಿಯಿತು. ಆ ಒಂದು ಕಾರಣಕ್ಕೇ ನಾನು ಇದನ್ನು ಬಿಡುವುದಿಲ್ಲ.

ಸಾದಾ ಬರಹಕ್ಕೆ ಇದು ತುಂಬಾ ಚೆನ್ನಾಗಿದೆ. ನಿವೃತ್ತ ಮೇಷ್ಟ್ರೊಬ್ಬರು ತಮ್ಮ ಜೀವನದ ಕಥೆ ಬರೆಸುತ್ತಿದ್ದಾರೆ. ಅದರಲ್ಲಿ ಪುಟಕ್ಕೆ ನಾಲ್ಕೈದು ತಪ್ಪು ಬಂದರೆ ಹೆಚ್ಚು. ಅವರ ಬಾಯಲ್ಲಿ ಮಹಾಪ್ರಾಣ ಸ್ಪಷ್ಟ, ಶಕಾರ ಸ್ಪಷ್ಟ. ನಮ್ಮ ಕಡೆಯ ರೈತರು ‘ಹಳ್ಳಿ’ಯನ್ನು ‘ಅಳ್ಳಿ’ ಅನ್ನುತ್ತಾರಲ್ಲ, ಅದನ್ನೂ ಮೈಕ್ ಎಷ್ಟೋ ಸಲ ಸರಿಯಾಗಿ ‘ಹಳ್ಳಿ’ ಅಂತಲೇ ಬರೆಯುತ್ತದೆ. ಇದು ನನಗೆ ನಿಜವಾಗಿ ಆಶ್ಚರ್ಯ ತಂದ ವಿಷಯ. ಬಿಡಿ ಪದವನ್ನಲ್ಲ, ಅಕ್ಕಪಕ್ಕದ ಪದ ನೋಡಿ ಊಹಿಸುತ್ತದೆ.

ಆದರೆ ಆ ಊಹೆಯೇ ದಾಖಲೆ ಕೆಲಸದಲ್ಲಿ ಕಾಟ ಕೊಡುತ್ತದೆ. ‘ಖುಷ್ಕಿ ಜಮೀನು’ (ಮಳೆ ನಂಬಿದ ಭೂಮಿ) ಅಂದರೆ ‘ಖುಷಿ ಜಮೀನು’ ಆಗುತ್ತದೆ. ‘ತರಿ’ (ನೀರಾವರಿ ಭೂಮಿ) ಅಂದರೆ ‘ಸರಿ’. ‘ಚೆಕ್ಕುಬಂದಿ’ (ಜಮೀನಿನ ನಾಲ್ಕು ದಿಕ್ಕಿನ ಎಲ್ಲೆ) ಅಂದರೆ ‘ಚೆಕ್ ಬಂದಿದೆ’. ಗಂಡನ ಹೆಸರಿನ ಮುಂಚೆ ಹಾಕುವ ‘ಕೋಂ’ ಒಂದೊಂದು ಸಲ ಒಂದೊಂದು ಥರ. ‘ನೊಣವಿನಕೆರೆ’ ಒಮ್ಮೆ ‘ನೋಡುವ ಕೆರೆ’ ಆಯ್ತು. ಸರ್ವೆ ನಂಬರಿನ ‘ಬಾರ್’ ಅಡ್ಡಗೆರೆ (/) ಆಗುವ ಬದಲು ಪದವಾಗಿಯೇ ಕೂರುತ್ತದೆ. ‘ಸಣ್ಣಹೊನ್ನಮ್ಮ’ ಎರಡು ತುಂಡಾಗಿ, ಒಬ್ಬಳು ಸಣ್ಣ, ಒಬ್ಬಳು ಹೊನ್ನಮ್ಮ. ‘ಆಫೀಸ್‌ನಲ್ಲಿ’ ಅನ್ನುವುದು ‘ಆಫೀಸ್ನಲ್ಲಿ’ ಅಂತ ಒತ್ತಕ್ಷರವಾಗಿ ಅಂಟಿಕೊಳ್ಳುತ್ತದೆ. ನುಡಿ ತಂತ್ರಾಂಶದಲ್ಲಿ ಟೈಪ್ ಮಾಡುವಾಗ ಒತ್ತು ಬೇಕಾದಾಗ ಎಫ್ ಕೀ ಒತ್ತುತ್ತೇವೆ, ಬೇಡವಾದಾಗ ಒತ್ತುವುದಿಲ್ಲ. ಕೆ. ಪಿ. ರಾಯರು ಮಾಡಿಕೊಟ್ಟ ಆ ಕೀಲಿಮಣೆ ವಿನ್ಯಾಸದಲ್ಲಿ ಯಾವುದು ಎಲ್ಲಿ ಸೇರಬೇಕು ಅನ್ನುವುದು ಟೈಪ್ ಮಾಡುವವಳ ಕೈಯಲ್ಲಿತ್ತು. ಮೈಕ್‌ನಲ್ಲಿ ಆ ಹಿಡಿತ ಇಲ್ಲ.

ಇವೆಲ್ಲ ಕಣ್ಣಿಗೆ ಬೀಳುವ ತಪ್ಪು. ಬೀಳದ ತಪ್ಪೊಂದು ಆಯ್ತು. ಅದನ್ನು ಹೇಳಬೇಕೆಂದೇ ಇಷ್ಟು ಬರೆಯಲು ಕೂತೆ.

ಮೂರನೇ ತಿಂಗಳಲ್ಲಿ ಒಂದು ದಾನಪತ್ರ ಬಂತು. ಒಬ್ಬ ಅಜ್ಜಿ ಮಗಳಿಗೆ ಒಂದು ಎಕರೆ ಚಿಲ್ಲರೆ ತೆಂಗಿನ ತೋಟ ಬರೆದುಕೊಡುತ್ತಿದ್ದರು. ಪತ್ರ ಬರಹಗಾರರು ಕೈಯಲ್ಲಿ ಬರೆದ ಕರಡು ಕೊಟ್ಟು ಹೋದರು. ನಾನು ಓದುತ್ತಾ ಹೋದೆ, ಮೈಕ್ ಬರೆಯುತ್ತಾ ಹೋಯಿತು. ಹೆಸರು ತಿದ್ದಿದೆ, ‘ಖುಷಿ’ ತಿದ್ದಿದೆ, ಊರು ತಿದ್ದಿದೆ. ಪರದೆ ಮೇಲೆ ಎರಡು ಸಲ ನೋಡಿದೆ. ಸರಿ ಅನ್ನಿಸಿತು. ಪ್ರಿಂಟ್ ತೆಗೆದೆ.

ನಮ್ಮ ಅಂಗಡಿಯಲ್ಲಿ ಒಂದು ಪದ್ಧತಿ ಇದೆ. ಪ್ರಿಂಟ್ ತೆಗೆದ ಮೇಲೆ ಬರೆಸಿದವರ ಎದುರು ಗಟ್ಟಿಯಾಗಿ ಓದಿ ಹೇಳುತ್ತೇವೆ. ಓದು ಬಂದವರಾಗಲಿ, ಬಾರದವರಾಗಲಿ. ಅಜ್ಜಿ ಬೆಂಚಿನ ಮೇಲೆ ಕೂತು ಎಲೆ ಅಡಿಕೆ ಹಾಕುತ್ತಾ ಕೇಳುತ್ತಿದ್ದರು. ‘ಸರ್ವೆ ನಂಬರ್ ಎಪ್ಪತ್ತಾರರಲ್ಲಿ’ ಅಂತ ನಾನು ಓದಿದ ತಕ್ಷಣ ಕೈ ಎತ್ತಿದರು.

“ಇಪ್ಪತ್ತಾರು ಕಣವ್ವ ನಮ್ದು. ಎಪ್ಪತ್ತಾರು ಕೆರೆ ಹಿಂದ್ಲದು. ಅದು ನಮ್ ದಾಯಾದಿಗಳದ್ದು.”

ಕರಡು ತೆಗೆದು ನೋಡಿದೆ. 26 ಅಂತಲೇ ಇತ್ತು. ನಾನು ಓದಿದ್ದೂ ಇಪ್ಪತ್ತಾರೇ. ಮೈಕ್ ಕೇಳಿಸಿಕೊಂಡದ್ದು ಎಪ್ಪತ್ತಾರು. ಇ-ಎ ನಡುವಿನ ಒಂದು ಸಣ್ಣ ಉಸಿರಿನ ವ್ಯತ್ಯಾಸ ಅದು. ಹಾಗೇ ನೋಂದಣಿ ಆಗಿದ್ದರೆ? ಆಮೇಲೆ ತಿದ್ದುಪಡಿ ಪತ್ರ ಮಾಡಿಸಬೇಕು. ಅಜ್ಜಿ, ಮಗಳು ಇಬ್ಬರೂ ಮತ್ತೆ ಸಬ್‌ರಿಜಿಸ್ಟ್ರಾರ್ ಕಚೇರಿಗೆ ಬರಬೇಕು. ಅಷ್ಟರೊಳಗೆ ಅಜ್ಜಿಗೆ ಏನಾದರೂ ಆದರೆ ಮಗಳ ಗತಿ? ಆ ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ.

ಯಾಕೆ ನನ್ನ ಕಣ್ಣಿಗೆ ಬೀಳಲಿಲ್ಲ ಅಂತ ತುಂಬಾ ಯೋಚಿಸಿದೆ. ಬೆರಳು ತಪ್ಪಿದರೆ ಪದ ಕೆಡುತ್ತದೆ. ‘ಜಮೀನು’ ‘ಜಮೀಮು’ ಆಗುತ್ತದೆ. ಕೆಟ್ಟ ಪದ ತಾನಾಗಿಯೇ ಕಣ್ಣಿಗೆ ಹೊಡೆಯುತ್ತದೆ. ಮೈಕ್ ಕೆಟ್ಟ ಪದ ಬರೆಯುವುದು ಅಪರೂಪ. ಹೆಚ್ಚಾಗಿ ಒಂದು ಸರಿಯಾದ ಪದದ ಜಾಗದಲ್ಲಿ ಇನ್ನೊಂದು ಸರಿಯಾದ ಪದ ಇಡುತ್ತದೆ. ಕಾಗುಣಿತ ನೋಡುತ್ತಾ ಹೋಗುವ ಕಣ್ಣು ಅಲ್ಲಿ ನಿಲ್ಲುವುದೇ ಇಲ್ಲ. 31 ವರ್ಷ ನಾನು ತರಬೇತಿ ಕೊಟ್ಟಿದ್ದು ಬೆರಳಿನ ತಪ್ಪು ಹಿಡಿಯುವ ಕಣ್ಣಿಗೆ. ಇದು ಕಿವಿಯ ತಪ್ಪು. ಇದನ್ನು ಹಿಡಿಯಲು ಬೇರೆ ಥರ ಓದಬೇಕು.

ಬೇರೆ ಥರ ಓದುವುದು ಹೇಗೆ ಅಂತ ನನಗೆ ಹೇಳಿಕೊಟ್ಟವರು ನಮ್ಮಪ್ಪ.

ಅಪ್ಪ ತುಮಕೂರಿನ ಒಂದು ಪ್ರೆಸ್‌ನಲ್ಲಿ ಅಚ್ಚಿನ ಮೊಳೆ, ಅಂದರೆ ಸೀಸದ ಅಕ್ಷರ, ಜೋಡಿಸುತ್ತಿದ್ದರು. ಕಂಪೋಸಿಟರ್. ಮೊಳೆ ಇಡುವ ಕನ್ನಡದ ಕೇಸ್ ಅಂದರೆ ನೂರಾರು ಸಣ್ಣ ಮನೆಗಳು. ಕಾಗುಣಿತಕ್ಕೊಂದು, ಒತ್ತಿಗೊಂದು. ಅಪ್ಪ ತಲೆ ಎತ್ತದೆ ಕೈ ಚಾಚಿದರೆ ಬೇಕಾದ ಮೊಳೆ ಸಿಗುತ್ತಿತ್ತು. ಎಡಗೈಯಲ್ಲಿ ಮೊಳೆ ಕೂರಿಸುವ ಸ್ಟಿಕ್, ಬಲಗೈ ಓಡಾಡುತ್ತಲೇ ಇರುತ್ತಿತ್ತು. 1997ರಲ್ಲಿ ಆ ಪ್ರೆಸ್‌ಗೆ ಕಂಪ್ಯೂಟರ್ ಬಂತು. ಆರು ಜನ ಕಂಪೋಸಿಟರ್‌ಗಳಲ್ಲಿ ಐದು ಜನರಿಗೆ ಕೆಲಸ ಹೋಯಿತು. ಅಪ್ಪ ಒಬ್ಬರು ಉಳಿದರು. ಯಾಕೆಂದರೆ ಅವರು ಕರಡು (ಪ್ರೂಫ್) ಚೆನ್ನಾಗಿ ನೋಡುತ್ತಿದ್ದರು. ತಲೆಕೆಳಗಾದ ಮೊಳೆಯನ್ನು ನೇರವಾಗಿ ಓದುವ ಕಣ್ಣು ಅವರದು. ಹಾಳೆಯ ಮೇಲಿನ ತಪ್ಪು ಅವರಿಗೆ ಯಾವ ಲೆಕ್ಕ?

ಮರುವರ್ಷ ನಾನು ಡಿಟಿಪಿ ಕಲಿತೆ. ಅಪ್ಪನ ಜೊತೆಯವರ ಕೆಲಸ ತೆಗೆದ ಅದೇ ಯಂತ್ರ ನನಗೆ ಅನ್ನ ಕೊಟ್ಟಿತು. ಈ ವಿಷಯ ನಮ್ಮ ಮನೆಯಲ್ಲಿ ಯಾರೂ ಬಾಯಿಬಿಟ್ಟು ಮಾತಾಡಿಲ್ಲ. ಆದರೆ ನನಗೆ ಯಾವತ್ತೂ ಮರೆತಿಲ್ಲ.

ಅಪ್ಪನ ಪದ್ಧತಿ ಸರಳ. ಒಬ್ಬರು ಮೂಲ ನೋಡಿ ಗಟ್ಟಿಯಾಗಿ ಓದಬೇಕು, ಇನ್ನೊಬ್ಬರು ಕರಡು ನೋಡಬೇಕು. ಅಂಕಿ ಬಂದಾಗ ನಿಲ್ಲಿಸಿ, ಬಿಡಿಬಿಡಿಯಾಗಿ ಓದಬೇಕು. ‘ಇಪ್ಪತ್ತಾರು’ ಅಲ್ಲ, ‘ಎರಡು, ಆರು’. ಹೆಸರನ್ನು ಹಿಂದಿನಿಂದ ಓದಬೇಕು, ಆಗ ನಾಲಿಗೆ ಜಾರುವುದಿಲ್ಲ. ಅಜ್ಜಿಯ ದಾನಪತ್ರ ಆದ ಮೇಲೆ ನಾನು ಇದನ್ನು ಮತ್ತೆ ಕಟ್ಟುನಿಟ್ಟಾಗಿ ಶುರು ಮಾಡಿದೆ. ಒಬ್ಬಳೇ ಇದ್ದಾಗ ಫೋನಿನ ‘ಓದಿ ಹೇಳು’ ಸೌಲಭ್ಯ ಬಳಸುತ್ತೇನೆ. ಫೋನು ತಾನು ಬರೆದದ್ದನ್ನು ತಾನೇ ಓದುತ್ತದೆ, ನಾನು ಮೂಲ ನೋಡುತ್ತೇನೆ. ಈ ಸೌಲಭ್ಯಕ್ಕೆ ನನ್ನ ಪೂರ್ತಿ ಮೆಚ್ಚುಗೆ. ಮೈಕ್‌ಗಿಂತ ಇದೇ ನನಗೆ ಜಾಸ್ತಿ ಕೆಲಸಕ್ಕೆ ಬಂದಿದೆ. ಜೊತೆಯವರಿಲ್ಲದ ಎಲ್ಲ ಟೈಪಿಂಗ್‌ನವರೂ ಇದನ್ನು ಕಲಿಯಬೇಕು.

ಹಾಗೆಯೇ ಅಂಕಿಗಳನ್ನು ಈಗ ನಾನು ಮೈಕ್‌ಗೆ ಹೇಳುವುದಿಲ್ಲ. ಸರ್ವೆ ನಂಬರ್, ವಿಸ್ತೀರ್ಣ, ಮೊಬಲಗು, ತಾರೀಖು, ಆಧಾರ್ ನಂಬರ್ ಬಂದಲ್ಲಿ ಚುಕ್ಕಿ ಬಿಟ್ಟು ಹೋಗುತ್ತೇನೆ. ಆಮೇಲೆ ಬೆರಳಿನಿಂದಲೇ ತುಂಬುತ್ತೇನೆ. ವಿಸ್ತೀರ್ಣದ ತಪ್ಪಾದರೆ ಸಿಕ್ಕಿಬೀಳುತ್ತದೆ. 40 ಗುಂಟೆಗೆ ಒಂದು ಎಕರೆ ಅಲ್ವಾ, ‘ಎಪ್ಪತ್ತು ಗುಂಟೆ’ ಅಂತ ಯಾರೂ ಬರೆಸುವುದಿಲ್ಲ. ಸರ್ವೆ ನಂಬರಿಗೆ ಅಂಥ ಕಾವಲು ಇಲ್ಲ.

ಈಗ ಕೆಲಸದ ಮಾತಿಗೆ ಬರುತ್ತೇನೆ. ಈ ಮೈಕ್ ನಮ್ಮ ಅಂಗಡಿಯಲ್ಲಿ ಒಬ್ಬಳ ಕೆಲಸ ಕಳೆದಿದೆ.

ನನ್ನ ಜೊತೆ ಹನ್ನೊಂದು ವರ್ಷ ಇದ್ದಳು. ನನಗಿಂತ ವೇಗ. ಅವಳು ಟೈಪ್ ಮಾಡುವುದನ್ನು ನೋಡಲು ಗುಮಾಸ್ತರು ನಿಂತುಕೊಳ್ಳುತ್ತಿದ್ದರು. ಕರಡು ನೋಡುವುದು, ಓದಿ ಹೇಳುವುದು ನನ್ನ ಪಾಲಿಗೆ, ಟೈಪ್ ಹೊಡೆಯುವುದು ಹೆಚ್ಚಾಗಿ ಅವಳ ಪಾಲಿಗೆ. ಹಾಗೆ ಹಂಚಿಕೊಂಡಿದ್ದೆವು. ಚೆನ್ನಾಗಿಯೇ ನಡೆಯುತ್ತಿತ್ತು. ಮೈಕ್ ಬಂದ ಮೇಲೆ ಜನ ಮನೆಯಲ್ಲೇ ಮಾತಾಡಿ, ಬಂದ ಬರಹವನ್ನು ವಾಟ್ಸ್‌ಆ್ಯಪ್‌ನಲ್ಲಿ ಕಳಿಸಲು ಶುರು ಮಾಡಿದರು. “ಹೊಡೆದಾಗಿದೆ ಅಕ್ಕ, ಸ್ವಲ್ಪ ನೋಡಿ ಪ್ರಿಂಟ್ ಕೊಡಿ” ಅನ್ನುತ್ತಿದ್ದರು. ಹೊಡೆಯುವ ಕೆಲಸ ಅರ್ಧಕ್ಕಿಂತ ಕಮ್ಮಿ ಆಯ್ತು. ನೋಡುವ ಕೆಲಸ ಎರಡರಷ್ಟಾಯ್ತು. ಅವಳು ನಾಲ್ಕು ತಿಂಗಳು ನೋಡಿದಳು. ಆಮೇಲೆ ತಾನಾಗಿಯೇ ಬಿಟ್ಟಳು. ಈಗ ಗಾರ್ಮೆಂಟ್ಸ್‌ಗೆ ಹೋಗುತ್ತಿದ್ದಾಳೆ. ಬೆಳಿಗ್ಗೆ ಆರೂವರೆಗೆ ವ್ಯಾನ್ ಬರುತ್ತದೆ.

ಯಂತ್ರದ ಮೇಲೆ ತಪ್ಪು ಹಾಕಿ ನಾನು ಸುಮ್ಮನಿರಬಹುದು. ಆದರೆ ಹನ್ನೊಂದು ವರ್ಷದಲ್ಲಿ ನಾನು ಅವಳಿಗೆ ಕರಡು ನೋಡುವುದನ್ನು ಕಲಿಸಲಿಲ್ಲ. ಅವಳ ವೇಗ ಅಂಗಡಿಗೆ ಬೇಕಿತ್ತು, ಅಷ್ಟೇ ಬಳಸಿಕೊಂಡೆ. ವೇಗ ಒಂದನ್ನೇ ನಂಬಿದವರನ್ನು ಇನ್ನೂ ವೇಗದ ಯಂತ್ರ ಬಂದು ಹೊರಗೆ ಹಾಕುತ್ತದೆ. ಅಪ್ಪನ ಪ್ರೆಸ್‌ನಲ್ಲಿ ಐದು ಜನಕ್ಕೆ ಆದದ್ದನ್ನು ನಾನು ಕಣ್ಣಾರೆ ಕಂಡಿದ್ದೆ. ಆದರೂ ನನ್ನ ಅಂಗಡಿಯಲ್ಲಿ ಅದನ್ನು ತಡೆಯಲಿಲ್ಲ. ಇದು ನನಗೆ ಇವತ್ತಿಗೂ ನೋವಿನ ವಿಷಯ.

ನಮ್ಮ ಈ ರಸ್ತೆಯೇ ಇಂಥ ಬದಲಾವಣೆ ತುಂಬಾ ನೋಡಿದೆ. ನಾನು 1994ರಲ್ಲಿ ಬೆರಳಚ್ಚು ಕಲಿಯುವಾಗ ಕೋರ್ಟ್ ಹತ್ತಿರ ಮರದ ಕೆಳಗೆ ನಾಲ್ಕು ಜನ ಟೈಪ್‌ರೈಟರ್ ಇಟ್ಟುಕೊಂಡು ಕೂರುತ್ತಿದ್ದರು. ಕಾರ್ಬನ್ ಇಟ್ಟು ಮೂರು ಪ್ರತಿ. 2009ರಲ್ಲಿ ಗೋದ್ರೇಜ್‌ನವರು ಟೈಪ್‌ರೈಟರ್ ಮಾಡುವುದನ್ನೇ ನಿಲ್ಲಿಸಿದರು. ಅಷ್ಟು ಹೊತ್ತಿಗೆ ಆ ನಾಲ್ವರಲ್ಲಿ ಇಬ್ಬರು ಜೆರಾಕ್ಸ್ ಅಂಗಡಿ ಇಟ್ಟಿದ್ದರು. ಪಹಣಿಯೂ ಹಾಗೇ. ಮೊದಲು ಗ್ರಾಮ ಲೆಕ್ಕಿಗರು ಕೈಯಲ್ಲಿ ಬರೆದುಕೊಡುತ್ತಿದ್ದರು. ಭೂಮಿ ಯೋಜನೆಯಲ್ಲಿ ರಾಜ್ಯದ ಸುಮಾರು 2 ಕೋಟಿ ಭೂದಾಖಲೆ ಕಂಪ್ಯೂಟರಿಗೆ ಹೋಯಿತು. ಸುಮಾರು 67 ಲಕ್ಷ ರೈತರ ಪಹಣಿ. ಸುಮಾರು 9 ಸಾವಿರ ಗ್ರಾಮ ಲೆಕ್ಕಿಗರ ಕೈಬರಹ ಅಲ್ಲಿಗೆ ನಿಂತಿತು. ಆಗ 15 ರೂಪಾಯಿ ಕೊಟ್ಟರೆ ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ ಪ್ರಿಂಟ್ ಸಿಗುತ್ತಿತ್ತು. ರೈತರಿಗೆ ಇದರಿಂದ ತುಂಬಾ ಅನುಕೂಲ ಆಯ್ತು, ಅದರಲ್ಲಿ ಎರಡು ಮಾತಿಲ್ಲ. 2023ರಲ್ಲಿ ನೋಂದಣಿ ಇಲಾಖೆಯ ಕಾವೇರಿ-2 ತಂತ್ರಾಂಶ ಬಂತು. ಪತ್ರವನ್ನು ಮೊದಲೇ ಆನ್‌ಲೈನ್‌ನಲ್ಲಿ ಹಾಕಿ, ಆಮೇಲೆ ಸಬ್‌ರಿಜಿಸ್ಟ್ರಾರ್ ಕಚೇರಿಗೆ ಹೋಗಬೇಕು. ಪ್ರತಿ ಸಲವೂ ನಮ್ಮಲ್ಲಿ ಕೆಲವರ ಕೆಲಸ ಹೋಗಿದೆ, ಕೆಲವರಿಗೆ ಹೊಸದು ಬಂದಿದೆ. ಹಳೆಯ ದಾಖಲೆಯಲ್ಲಿ ಹೆಸರು ಒಂದು ಥರ, ಆಧಾರ್‌ನಲ್ಲಿ ಇನ್ನೊಂದು ಥರ ಇದ್ದವರು ಇವತ್ತಿಗೂ ಅರ್ಜಿ ಬರೆಸಲು ನನ್ನ ಹತ್ತಿರ ಬರುತ್ತಾರೆ. ಅವರ ಕಾಗದಗಳನ್ನು ಅಕ್ಷರ ಅಕ್ಷರ ಹೋಲಿಸಿ ನೋಡಲು ಒಬ್ಬರು ಬೇಕೇ ಬೇಕು.

ದೊಡ್ಡ ಜಾಗದಲ್ಲೂ ಇದೇ ಕಂಡಿದ್ದೇನೆ. 2023ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠದ ಮುಂದೆ ನಡೆದ ವಾದವನ್ನು ಮೊದಲ ಸಲ ಎಐ ತಂತ್ರಾಂಶ ಕೇಳಿಸಿಕೊಂಡು ಬರಹಕ್ಕೆ ಇಳಿಸಿತು. ತಂತ್ರಾಂಶ ಬೆಂಗಳೂರಿನ ಕಂಪನಿಯದು. ಆ ಬರಹವನ್ನು ವಾದ ಮಾಡಿದ ವಕೀಲರಿಗೇ ಕೊಟ್ಟು, ಓದಿ ತಿದ್ದಿಸುವ ಏರ್ಪಾಡು ಇಟ್ಟರು. ಆ ಸುದ್ದಿ ಓದಿದಾಗ ನಮ್ಮ ಬೆಂಚಿನ ಮೇಲೆ ಕೂತು ದಾವೆ ಓದಿಸಿ ಕೇಳುವ ಗುಮಾಸ್ತರು ನೆನಪಾದರು.

ಎಐಗೆ ಹೇಳಿ ಅರ್ಜಿಯನ್ನೇ ಬರೆಸಿಕೊಂಡು ಬರುವ ಹುಡುಗರೂ ಇದ್ದಾರೆ. ಮೊನ್ನೆ ಒಬ್ಬ ಖಾತೆ ಬದಲಾವಣೆ ಅರ್ಜಿ ತಂದ. ‘ಆತ್ಮೀಯ ತಹಶೀಲ್ದಾರ್ ಅವರೇ’ ಅಂತ ಶುರುವಾಗಿತ್ತು. ಕೊನೆಗೆ ‘ನಿಮ್ಮ ಅಮೂಲ್ಯ ಸಮಯಕ್ಕೆ ಧನ್ಯವಾದಗಳು’. ಎರಡು ಪುಟ ಇತ್ತು. ಸರ್ವೆ ನಂಬರ್ ಎಲ್ಲೂ ಇರಲಿಲ್ಲ. ನಾನು ಅವನನ್ನು ಕೂರಿಸಿಕೊಂಡು ‘ಮಾನ್ಯ ತಹಶೀಲ್ದಾರ್‌ರವರಲ್ಲಿ’ ಅಂತ ಶುರು ಮಾಡಿ, ವಿಷಯ, ಉಲ್ಲೇಖ, ಲಗತ್ತು ಹಾಕಿ ಹದಿನಾಲ್ಕು ಸಾಲಿನಲ್ಲಿ ಮುಗಿಸಿಕೊಟ್ಟೆ. ಅವನು ಅದನ್ನು ಫೋಟೋ ತೆಗೆದುಕೊಂಡ. ಮುಂದಿನ ಸಲ ಅವನೇ ಬರೆಯಲಿ ಅಂತಲೇ ನನ್ನ ಆಸೆ.

ದುಡ್ಡಿನ ಲೆಕ್ಕವನ್ನು ಮುಚ್ಚಿಡದೆ ಹೇಳುತ್ತೇನೆ, ಈ ಕೆಲಸದಲ್ಲಿ ಇರುವವರಿಗೆ ಬೇಕಾಗುತ್ತದೆ. ಮೊದಲು ಪುಟಕ್ಕೆ 40 ರೂಪಾಯಿ. ದಿನಕ್ಕೆ 20 ಪುಟ, 800 ರೂಪಾಯಿ. ಮೈಕ್ ವಿಷಯ ಗೊತ್ತಾದ ಮೇಲೆ ಜನ ಚೌಕಾಸಿ ಶುರು ಮಾಡಿದರು. “ಫೋನೇ ಬರೆಯುತ್ತಲ್ಲಕ್ಕ, ಇಪ್ಪತ್ತು ತಗೊಳ್ಳಿ” ಅಂದರು. ಅವರ ಮಾತೂ ಸುಳ್ಳಲ್ಲ. ಹೊಡೆಯುವ ಶ್ರಮ ನಿಜವಾಗಿ ಕಮ್ಮಿ ಆಗಿದೆ. ಆದರೆ 40 ರೂಪಾಯಿಯಲ್ಲಿ ನೋಡುವ ಶ್ರಮವೂ ಇತ್ತು. ಅದನ್ನು ನಾವು ಯಾವತ್ತೂ ಬೇರೆ ಮಾಡಿ ಹೇಳಿರಲಿಲ್ಲ. ಹಾಗಾಗಿ ಯಾರಿಗೂ ಅದು ಕಾಣುತ್ತಿರಲಿಲ್ಲ.

ನಾಲ್ಕು ತಿಂಗಳ ಹಿಂದೆ ಬೋರ್ಡ್ ಬದಲಿಸಿದೆ. ‘ಟೈಪಿಂಗ್ ಪುಟಕ್ಕೆ 20. ಓದಿ, ಹೋಲಿಸಿ, ತಿದ್ದಲು ಪುಟಕ್ಕೆ 25.’ ಮನೆಯಲ್ಲೇ ಮಾತಾಡಿ ಬರೆದು ತಂದವರು 25 ಕೊಟ್ಟರೆ ಸಾಕು. ಈಗ ದಿನಕ್ಕೆ ಸುಮಾರು 24 ಪುಟ. ಅದರಲ್ಲಿ ಎಂಟು ಪೂರ್ತಿ ಕೆಲಸ, 16 ಬರೀ ತಿದ್ದುವುದು. ಒಟ್ಟು 760 ರೂಪಾಯಿ. ಮೊದಲಿಗಿಂತ 40 ರೂಪಾಯಿ ಕಮ್ಮಿ. ಸಂಜೆ ಹೊತ್ತಿಗೆ ಕೈಗೆ ನೋವಿಲ್ಲ, ಕಣ್ಣಿಗೆ ಆಯಾಸ ಜಾಸ್ತಿ.

ಬೋರ್ಡ್ ನೋಡಿ ಕೆಲವರು ಮುಖ ಸಿಂಡರಿಸಿದರು. “ಓದೋಕೂ ದುಡ್ಡಾ?” ಅಂತ ಕೇಳಿದವರಿದ್ದಾರೆ. ಅಂಥವರಿಗೆ ನಾನು ಅಜ್ಜಿಯ 26-76 ಕಥೆ ಹೇಳುತ್ತೇನೆ. ಜಮೀನಿನ ಕಾಗದ ಹಿಡಿದು ಬಂದವರು ಆಮೇಲೆ ಮಾತಾಡುವುದಿಲ್ಲ. ವಕೀಲರು ಮೊದಲ ದಿನವೇ ಒಪ್ಪಿಕೊಂಡರು. ಮೇಷ್ಟ್ರು ಇನ್ನೂ ಒಂದು ಮಾತು ಹೇಳಿದರು. ಅವರ ಪುಸ್ತಕ 180 ಪುಟ. ಹಳೆಯ ದರದಲ್ಲಿ 7,200 ರೂಪಾಯಿ ಆಗುತ್ತಿತ್ತು. ಪಿಂಚಣಿಯಲ್ಲಿ ಅಷ್ಟು ಕೊಟ್ಟು ಬರೆಸುವ ಯೋಚನೆಯೇ ಅವರಿಗೆ ಇರಲಿಲ್ಲವಂತೆ. ಈಗ ಅವರೇ ಮನೆಯಲ್ಲಿ ಮಾತಾಡಿ ಕಳಿಸುತ್ತಾರೆ, ನಾನು ತಿದ್ದುತ್ತೇನೆ, 4,500ಕ್ಕೆ ಮುಗಿಯುತ್ತದೆ. ಮೈಕ್ ಇರದಿದ್ದರೆ ಆ ಪುಸ್ತಕವೇ ಇರುತ್ತಿರಲಿಲ್ಲ. ಕೈ ನಡುಗುವ ವಯಸ್ಸಿನವರಿಗೆ, ಕೀಲಿಮಣೆ ಕಲಿಯಲು ಆಗದವರಿಗೆ ಇದಕ್ಕಿಂತ ಒಳ್ಳೆಯ ಸಾಧನ ಕನ್ನಡದಲ್ಲಿ ನಾನು ಕಂಡಿಲ್ಲ.

ಈಗ ಅಂಗಡಿಗೆ ಒಬ್ಬ ಹುಡುಗಿ ಬರುತ್ತಿದ್ದಾಳೆ. ಬಿ.ಕಾಂ. ಮುಗಿಸಿದ್ದಾಳೆ. ಕೀಲಿಮಣೆ ಗೊತ್ತಿಲ್ಲ, ಮೈಕ್ ಚೆನ್ನಾಗಿ ಗೊತ್ತು. ಬಂದವರ ಕೈಗೆ ಫೋನು ಕೊಟ್ಟು, ಪಕ್ಕದಲ್ಲಿ ಕೂತು, “ಹೇಳಿ ಅಜ್ಜ, ನಿಧಾನಕ್ಕೆ ಹೇಳಿ” ಅಂತ ಬಾಯಿ ಬಿಡಿಸುತ್ತಾಳೆ. ಆ ಗುಣ ನನಗಿಲ್ಲ. ನಾನು ಯಾವಾಗಲೂ ಪರದೆ ನೋಡಿಕೊಂಡೇ ಮಾತಾಡಿದವಳು. ಅವಳಿಗೆ ದಿನಾ ಸಂಜೆ ಒಂದು ಗಂಟೆ ಕಲಿಸುತ್ತೇನೆ. ಮೊದಲು ಕರಡು ನೋಡುವುದು, ಆಮೇಲೆ ಪಹಣಿ ಓದುವುದು, ಕೊನೆಗೆ ಹತ್ತು ಬೆರಳಿನ ಟೈಪಿಂಗ್. ನಾನು ಕಲಿತ ಕ್ರಮಕ್ಕೆ ಇದು ತಿರುಗುಮುರುಗು. ಭಾನುವಾರ ಅಪ್ಪ ಬರುತ್ತಾರೆ. ಅವರಿಗೆ ಈಗ 79. ಅವರು ಮೂಲ ಓದುತ್ತಾರೆ, ಅವಳು ಕರಡು ಹಿಡಿಯುತ್ತಾಳೆ. ಹೋದ ವಾರ ‘ಪಿತ್ರಾರ್ಜಿತ’ ಇರಬೇಕಾದಲ್ಲಿ ‘ಮಿತ್ರಾರ್ಜಿತ’ ಅಂತ ಬಂದಿದ್ದನ್ನು ಅವಳೇ ಹಿಡಿದಳು. ಅಪ್ಪ ಅವಳಿಗೆ ಒಂದು ಕೆಂಪು ಪೆನ್ನು ಕೊಟ್ಟರು.

ಹಾಗಾದರೆ ಬಳಸಬೇಕಾ? ಪತ್ರ, ಕಥೆ, ಭಾಷಣ, ನೆನಪು ಬರೆಯುವವರು ಖಂಡಿತ ಬಳಸಿ. ನಾನು ಐದಕ್ಕೆ ನಾಲ್ಕೂವರೆ ಕೊಡುತ್ತೇನೆ. ಮಣಿಕಟ್ಟು ನೋವಿರುವ ಟೈಪಿಂಗ್‌ನವರು ನಾಳೆಯೇ ಶುರು ಮಾಡಿ, ನೋವು ಜಾಸ್ತಿ ಆಗುವ ತನಕ ಕಾಯಬೇಡಿ. ಜಮೀನು, ಕೋರ್ಟ್, ಬ್ಯಾಂಕ್ ಕಾಗದಕ್ಕೆ ಎರಡೂವರೆ. ಅದೂ ಇನ್ನೊಬ್ಬರು ಗಟ್ಟಿಯಾಗಿ ಓದುವುದಾದರೆ ಮಾತ್ರ. ಒಬ್ಬರೇ ಮಾತಾಡಿ, ಒಬ್ಬರೇ ನೋಡಿ, ನೇರ ನೋಂದಣಿಗೆ ಹೋಗುವವರು ದಯವಿಟ್ಟು ಬೇಡ.

ಇಂಥದ್ದನ್ನು ತಯಾರಿಸುವವರಿಗೂ ಒಂದು ಮಾತು. ಬೆಂಗಳೂರಿನ ಕಾರ್ಯ ಎಂಬ ಸಂಸ್ಥೆಯ ಬಗ್ಗೆ ಓದಿದ್ದೇನೆ. ನಮ್ಮ ರಾಜ್ಯದ ಹಳ್ಳಿಗಳ ಹೆಂಗಸರು ಫೋನಿನಲ್ಲಿ ಕನ್ನಡ ವಾಕ್ಯ ಓದಿ ರೆಕಾರ್ಡ್ ಮಾಡಿ ಕೊಡುತ್ತಾರೆ. ಗಂಟೆಗೆ ಸುಮಾರು 5 ಡಾಲರ್ ಲೆಕ್ಕದಲ್ಲಿ ದುಡ್ಡು ಸಿಗುತ್ತದೆ. ಯಂತ್ರ ಕನ್ನಡ ಕಲಿಯುವುದು ಇಂಥ ದನಿಗಳಿಂದಲೇ. ಇದು ನಮ್ಮ ಥರದವರಿಗೆ ಬಂದಿರುವ ಹೊಸ ಕೆಲಸ, ಒಳ್ಳೆಯ ಕೆಲಸ. ಆದರೆ ಆ ವಾಕ್ಯಗಳಲ್ಲಿ ಖುಷ್ಕಿ, ತರಿ, ಬಾಗಾಯ್ತು ಇರಲಿ. ಬಿನ್, ಕೋಂ, ಚೆಕ್ಕುಬಂದಿ, ಪೋಡಿ, ಸ್ವಯಾರ್ಜಿತ ಇರಲಿ. ಇಪ್ಪತ್ತಾರು, ಎಪ್ಪತ್ತಾರು ಎರಡನ್ನೂ ತುಮಕೂರಿನ ಬಾಯಲ್ಲಿ, ಧಾರವಾಡದ ಬಾಯಲ್ಲಿ, ಮಂಗಳೂರಿನ ಬಾಯಲ್ಲಿ ಸಾವಿರ ಸಲ ಓದಿಸಿ.

ನನ್ನ ಹತ್ತಿರ ಇಂಥ 400 ಪದಗಳ ಪಟ್ಟಿ ಇದೆ. ಮೈಕ್ ತಪ್ಪಿದಾಗಲೆಲ್ಲ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟದ್ದು. ಯಾರಾದರೂ ಕೇಳಿದರೆ ಕೊಡುತ್ತೇನೆ. ಓದಿ ರೆಕಾರ್ಡ್ ಮಾಡಿ ಅಂದರೆ ಅದಕ್ಕೂ ಸಿದ್ಧ. ಭಾನುವಾರ ಬೆಳಿಗ್ಗೆ ಈ ರಸ್ತೆಯಲ್ಲಿ ಬಸ್ಸಿನ ಸದ್ದು ಕಮ್ಮಿ. ಅಪ್ಪನೂ ಇರುತ್ತಾರೆ, ಹುಡುಗಿಯೂ ಇರುತ್ತಾಳೆ. ಮೂವರೂ ಕೂತು ಓದಿಕೊಡುತ್ತೇವೆ.